ಕಲಬುರಗಿಯ ಬೇಸಿಗೆಯಲ್ಲಿ ಟಿ-ಕೋಶದ ಸಂಕೇತ ಹಿಡಿದ ಬಗೆ

ರೋಗನಿರೋಧಕ ಬಿಳಿ ರಕ್ತಕಣವಾದ ಟಿ-ಕೋಶದ ಮೇಲಿನ ಗ್ರಾಹಕ ಪರಕೀಯ ತುಣುಕನ್ನು ಗುರುತಿಸಬಲ್ಲದು, ಆದರೆ ಒಳಕ್ಕೆ ಸುದ್ದಿ ಮುಟ್ಟಿಸಲು ಅದರ ಆಲ್ಫಾ, ಬೀಟಾ ಸರಪಳಿಗಳಿಗೆ ಆಗದು. ಕೋಶದೊಳಗೆ ಅವುಗಳ ಬಾಲ ತೀರಾ ಗಿಡ್ಡ. ಆ ಕೆಲಸ ಜೊತೆಗಿರುವ ಸಿಡಿ3 ಮತ್ತು ಜೀಟಾ ಸರಪಳಿಗಳದು. ಎಲ್‌ಸಿಕೆ ಎಂಬ ಕಿಣ್ವ ಇವುಗಳ ಟೈರೋಸಿನ್ ಎಂಬ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಹಚ್ಚುತ್ತದೆ. ಅಲ್ಲಿಗೆ ಜ್ಯಾಪ್-70 ಎಂಬ ಇನ್ನೊಂದು ಕಿಣ್ವ ಬಂದು ಕೂರುತ್ತದೆ, ತಾನೂ ಫಾಸ್ಫೇಟ್ ಪಡೆದು ಲ್ಯಾಟ್ ಪ್ರೋಟೀನಿಗೆ ಹಚ್ಚುತ್ತದೆ. ಮುಂದೆ ದಾರಿ ಕವಲೊಡೆದು ಒಂದು ಕಡೆ ಕ್ಯಾಲ್ಸಿಯಂ ಏರುತ್ತದೆ, ಇನ್ನೊಂದು ಕಡೆ ಇಆರ್‌ಕೆ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ.

ಇಷ್ಟೆಲ್ಲ ಕೆಲವೇ ನಿಮಿಷಗಳ ವ್ಯವಹಾರ. ಹಾಗಾಗಿ ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಒಂದು ಪೊರೆಯ ಮೇಲಿಳಿಸಿ ಪ್ರತಿಕಾಯದಿಂದ ಗುರುತಿಸುವ ವಿಧಾನದಲ್ಲಿ, ಇದನ್ನು ನೋಡುವವರಿಗೆ ಬೇಕಾದ ನಿಮಿಷಕ್ಕೆ ಕೋಶವನ್ನು ನಿಲ್ಲಿಸುವುದೇ ದೊಡ್ಡ ಕೆಲಸ. ಮೇ ತಿಂಗಳ ಕಲಬುರಗಿಯಲ್ಲಿ ಅದು ಇನ್ನೂ ಕಷ್ಟ. ಹೊರಗೆ 40 ಡಿಗ್ರಿ ದಾಟಿರುತ್ತದೆ. ನಮ್ಮ ವಾಟರ್ ಬಾತ್‌ಗೆ ನೀರು ಕಾಯಿಸಲು ಬರುತ್ತದೆ, ತಣಿಸಲು ಬರುವುದಿಲ್ಲ. ಮಧ್ಯಾಹ್ನ ಕರೆಂಟ್ ಹೋಗಿ ಎ.ಸಿ. ನಿಂತರೆ ಕೋಶಗಳಿಗೆ ಬೇಕಾದ 37 ಡಿಗ್ರಿಗೆ ನಿಲ್ಲುವುದೇ ಇಲ್ಲ. ಅದಕ್ಕೇ ಕೋಶಗಳನ್ನು ಕೆರಳಿಸುವ ಉದ್ದೀಪನದ ಹಂತವನ್ನು ನಾನು ಬೆಳಗಿನ ಜಾವಕ್ಕೇ ಇಟ್ಟುಕೊಳ್ಳುತ್ತೇನೆ.

ನಾನು ಬಳಸುವುದು ಲ್ಯಾಬಿನಲ್ಲಿ ಬೆಳೆಸುವ ಜುರ್ಕಾಟ್ ಎಂಬ ಟಿ-ಕೋಶಗಳನ್ನು. ಸೀರಮ್ ಇಲ್ಲದ ಮಾಧ್ಯಮದಲ್ಲಿ ಕೆಲ ಗಂಟೆ ಸುಮ್ಮನೆ ಬಿಟ್ಟರೆ ಹಿನ್ನೆಲೆಯ ಗದ್ದಲ ತಗ್ಗುತ್ತದೆ. ಆಮೇಲೆ ಸಿಡಿ3ಗೆ ಅಂಟುವ ಪ್ರತಿಕಾಯ ಹಾಕಿ 0, 1, 2, 5, 15 ನಿಮಿಷಕ್ಕೆ ಒಂದೊಂದು ಟ್ಯೂಬ್ ಎತ್ತುತ್ತೇನೆ. ಐಸ್ ಮೇಲಿಟ್ಟು ಸೌಮ್ಯ ಡಿಟರ್ಜೆಂಟ್‌ನಲ್ಲಿ ಒಡೆಯುವುದು ವಾಡಿಕೆ. ನಮ್ಮೂರಲ್ಲಿ ಐಸ್ ನೋಡನೋಡುತ್ತಲೇ ನೀರಾಗುತ್ತದೆ, ಅಷ್ಟರಲ್ಲಿ ಫಾಸ್ಫಟೇಸ್ ಎಂಬ ಕಿಣ್ವಗಳು ಫಾಸ್ಫೇಟ್ ಕಿತ್ತುಹಾಕುತ್ತವೆ. ಆದ್ದರಿಂದ ಎಸ್‌ಡಿಎಸ್ ಎಂಬ ಕಟು ಡಿಟರ್ಜೆಂಟಿನ ಕುದಿಯುವ ಬಫರನ್ನೇ ನೇರ ಸುರಿಯುತ್ತೇನೆ. ಕಿಣ್ವಗಳೆಲ್ಲ ಒಮ್ಮೆಗೇ ಸಾಯುತ್ತವೆ. ಡಿಎನ್‌ಎ ಬಿಚ್ಚಿಕೊಂಡು ಟ್ಯೂಬಿನಲ್ಲಿ ಲೋಳೆಯಾಗುತ್ತದೆ ನಿಜ. ಸಣ್ಣ ಸೂಜಿಯ ಸಿರಿಂಜಿನಲ್ಲಿ ಹತ್ತಾರು ಸಲ ಎಳೆದು ಬಿಟ್ಟರೆ ಹರಿಯತೊಡಗುತ್ತದೆ.

ಪ್ರತಿಕಾಯ ಎಲ್ಲೆಂದರಲ್ಲಿ ಅಂಟದಂತೆ ಪೊರೆಯನ್ನು ಬ್ಲಾಕ್ ಮಾಡಲು ಹಾಲಿನ ಪುಡಿ ಬೇಡ. ಅದರ ಕೇಸೀನ್‌ನಲ್ಲೇ ಫಾಸ್ಫೇಟ್ ಇದೆ, ಫಾಸ್ಫೇಟ್ ಹುಡುಕುವ ಪ್ರತಿಕಾಯ ಅದಕ್ಕೂ ಅಂಟೀತು. ದನದ ಸೀರಮ್‌ನ ಪ್ರೋಟೀನಾದ ಬಿಎಸ್‌ಎ ದುಬಾರಿಯಾದರೂ ಅದೇ ಸರಿ.

ಫಾಸ್ಫೇಟ್ ಹತ್ತಿದ ಜ್ಯಾಪ್-70 ಮೂಡಿದ್ದ ಫಿಲ್ಮ್ ನೋಡುತ್ತ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಹದಿನೈದನೇ ನಿಮಿಷಕ್ಕ ಜ್ಯಾಪ್ ಬ್ಯಾಂಡ್ ಮಸುಕ ಆಗೇದಲ್ರಿ, ಪ್ರೋಟೀನೇ ಹೋಯ್ತೇನ್ರಿ?" ಬಹಳ ಒಳ್ಳೆಯ ಪ್ರಶ್ನೆ. ಅದೇ ಪೊರೆಯನ್ನು ತೊಳೆದು, ಫಾಸ್ಫೇಟ್ ಇರಲಿ ಬಿಡಲಿ ಜ್ಯಾಪ್-70ನ್ನು ಹಿಡಿಯುವ ಪ್ರತಿಕಾಯ ಹಾಕಿಸಿದೆ. 70 ಕಿಲೋಡಾಲ್ಟನ್ ಜಾಗದಲ್ಲಿ ಐದೂ ಗೆರೆಗಳು ಸಮನಾಗಿ ಮೂಡಿದವು. ಪ್ರೋಟೀನು ಇದ್ದಲ್ಲೇ ಇತ್ತು, ಫಾಸ್ಫೇಟ್ ಮಾತ್ರ ಕಳಚಿತ್ತು.