ಕನ್ನಡದಲ್ಲಿ ಒಂದೇ ಪದ, ಇಂಗ್ಲಿಷ್‌ನಲ್ಲಿ ಎರಡು ಮೂರು: ಸರಿಯಾದದ್ದನ್ನು ಆರಿಸುವುದು ಹೇಗೆ?

ಮಲ್ಲಂದೂರು ಕಡೆಯ ನಮ್ಮ ಪರಿಚಯದವರೊಬ್ಬರು ಹೋಂಸ್ಟೇ ಶುರು ಮಾಡಿದಾಗ ಗೇಟಿಗೆ ದೊಡ್ಡ ಬೋರ್ಡು ಬರೆಸಿದರು. ತಮ್ಮ ಕಾಫಿ ನೆರಳಲ್ಲಿ ಬೆಳೆದದ್ದು ಎಂದು ಇಂಗ್ಲಿಷ್‌ನಲ್ಲಿ ಹೇಳಬೇಕಿತ್ತು. ಬರೆಸಿದ್ದು 'ಶ್ಯಾಡೋ ಕಾಫಿ'. ಬೇಕಾಗಿದ್ದ ಪದ ಶೇಡ್. ಫೋನಿನಲ್ಲಿ 'ನೆರಳು' ಎಂದು ಹಾಕಿದ್ದಾರೆ, ಮೊದಲು ಬಂದದ್ದನ್ನು ಪೇಂಟರ್ ಕೈಗೆ ಕೊಟ್ಟಿದ್ದಾರೆ. ಬೋರ್ಡನ್ನು ಮತ್ತೆ ಬರೆಸಬೇಕಾಯಿತು.

ಚಿಕ್ಕಮಗಳೂರಿನಲ್ಲಿ 15 ವರ್ಷದಿಂದ ಸಂಜೆ ಹೊತ್ತು ಮಕ್ಕಳಿಗೆ, ಕೆಲಸ ಹುಡುಕುವವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಗ್ರಾಮರ್ ತಪ್ಪಿಗಿಂತ ಈ ತಪ್ಪೇ ಜಾಸ್ತಿ. ಬುದ್ಧಿವಂತರೂ ಇಲ್ಲೇ ಎಡವುತ್ತಾರೆ, ಯಾಕೆಂದರೆ ಇದನ್ನು ಬಿಡಿಸಿಕೊಳ್ಳುವುದು ಹೇಗೆ ಎಂದು ಯಾರೂ ಅವರಿಗೆ ತೋರಿಸಿರುವುದಿಲ್ಲ.

ಹಂತ 1: ಒಂದು ನೋಟ್‌ಬುಕ್ ಇಡಿ. ಫೋನ್ ಬೇಡ, ಪೆನ್ನಲ್ಲೇ ಬರೆಯಿರಿ. ಒಂದು ಪುಟಕ್ಕೆ ಒಂದೇ ಕನ್ನಡ ಪದ. ಅದರ ಕೆಳಗೆ ಗೊತ್ತಿರುವ ಇಂಗ್ಲಿಷ್ ಪದಗಳು. ಇಷ್ಟೇ.

ಹಂತ 2: ಇಲ್ಲಿ ನಿಧಾನ ಮಾಡಿ. ಎಲ್ಲರೂ ಕೆಡಿಸುವುದು ಇಲ್ಲೇ. ಕನ್ನಡ ಪದವನ್ನು ಒಂಟಿಯಾಗಿ ತೆಗೆದುಕೊಂಡು ಡಿಕ್ಷನರಿಗೆ ಓಡಬೇಡಿ. ಮೊದಲು ನೀವು ಹೇಳಬೇಕಾದ ಮಾತನ್ನು ಪೂರ್ತಿ ಕನ್ನಡ ವಾಕ್ಯವಾಗಿ, ಮನೆಯಲ್ಲಿ ಮಾತಾಡುವ ಹಾಗೆಯೇ, ಬರೆಯಿರಿ. ಆಮೇಲೆ ಆ ಪದದ ಬಾಲ ನೋಡಿ, ಅಕ್ಕಪಕ್ಕದ ಪದ ನೋಡಿ. ಇಂಗ್ಲಿಷ್ ಬೇರೆ ಬೇರೆ ಪದದಲ್ಲಿ ತೋರಿಸುವ ವ್ಯತ್ಯಾಸವನ್ನು ನಮ್ಮ ಕನ್ನಡ ಬಹಳ ಸಲ ಅಲ್ಲೇ ತೋರಿಸಿರುತ್ತದೆ.

ನೆರಳನ್ನೇ ನೋಡಿ. 'ಮರದ ನೆರಳಲ್ಲಿ ಕೂತೆ.' 'ನನ್ನ ನೆರಳು ಗೋಡೆ ಮೇಲೆ ಬಿತ್ತು.' ಮೊದಲನೆಯದರಲ್ಲಿ 'ಅಲ್ಲಿ' ಇದೆ, ಅಂದರೆ ಅದೊಂದು ಜಾಗ, ಬಿಸಿಲು ತಾಗದ ತಂಪು ಜಾಗ. ಅದು ಶೇಡ್. ಎರಡನೆಯದು ಬಿದ್ದಿದೆ, ಅದಕ್ಕೆ ಆಕಾರ ಇದೆ, ಯಾರದ್ದು ಎಂದು ಕೇಳಬಹುದು. ಅದು ಶ್ಯಾಡೋ. ಸಂಜೆ ಐದು ಗಂಟೆಗೆ ತೋಟದಲ್ಲಿ ನಿಂತರೆ ಸಿಲ್ವರ್ ಓಕ್ ಮರದ ಉದ್ದನೆ ಶ್ಯಾಡೋ ಕಾಫಿ ಗಿಡಗಳ ಮೇಲೆ ಗೀಟು ಎಳೆದ ಹಾಗೆ ಮಲಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಮರಗಸಿ (ಮರದ ಕೊಂಬೆ ಕಡಿಯುವ ಕೆಲಸ) ಮಾಡಿಸಿ ನಾವು ಕಡಿಮೆ ಮಾಡುವುದು ಶೇಡ್. ಶ್ಯಾಡೋ ಕಡಿಮೆ ಮಾಡಿಸುತ್ತೇನೆ ಎಂದು ಯಾರೂ ಆಳು ಕರೆಯುವುದಿಲ್ಲ, ಅಲ್ವಾ?

ಒಂದು ಎಚ್ಚರ. 'ಅಪ್ಪನ ನೆರಳಲ್ಲಿ ಬೆಳೆದೆ' ಎನ್ನುವುದು ನಮಗೆ ಆಸರೆಯ ಮಾತು, ಪ್ರೀತಿಯ ಮಾತು. ಇದನ್ನೇ ಇಂಗ್ಲಿಷ್‌ನಲ್ಲಿ ಶ್ಯಾಡೋ ಹಾಕಿ ಹೇಳಿದರೆ, ಅಪ್ಪನ ಹೆಸರು ದೊಡ್ಡದಾಗಿ ಮಗ ಕಾಣಿಸದೇ ಹೋದ ಎನ್ನುವ ಅರ್ಥ ಬರುತ್ತದೆ. ಇಂಟರ್‌ವ್ಯೂಗೆ ತಯಾರಾಗುತ್ತಿದ್ದ ಹುಡುಗಿಯೊಬ್ಬಳು ಹೀಗೆ ಬರೆದುಕೊಂಡು ಬಂದಿದ್ದಳು. ಅಪ್ಪನ ಬಗ್ಗೆ ಅಷ್ಟು ಅಭಿಮಾನದಿಂದ ಬರೆದದ್ದು ದೂರಿನ ಹಾಗೆ ಕೇಳಿಸುತ್ತಿತ್ತು. ಇಂಥ ಕಡೆ ಪದಕ್ಕೆ ಪದ ಹುಡುಕಬೇಡಿ. 'ಅಪ್ಪ ನನ್ನನ್ನು ಕಾಪಾಡಿದರು' ಎಂದು ನೇರವಾಗಿ ಹೇಳಿ.

ಈಗ 'ಕೇಳು'. ಈ ಒಂದು ಪದದಲ್ಲಿ ಮೂರು ಇಂಗ್ಲಿಷ್ ಪದಗಳಿವೆ. 'ಮೇಷ್ಟ್ರನ್ನು ಕೇಳಿದೆ' ಎಂದರೆ ಆಸ್ಕ್. 'ಮೇಷ್ಟ್ರ ಮಾತು ಕೇಳಿದೆ' ಎಂದರೆ ಲಿಸನ್. 'ಮೇಷ್ಟ್ರ ಧ್ವನಿ ಕೇಳಿಸಿತು' ಎಂದರೆ ಹಿಯರ್. ಕೇಳಿಸುವುದು ತಾನಾಗಿ ಆಗುತ್ತದೆ, ಕೇಳುವುದನ್ನು ನಾವು ಗಮನ ಕೊಟ್ಟು ಮಾಡುತ್ತೇವೆ. ಹಿಯರ್ ಮತ್ತು ಲಿಸನ್ ನಡುವೆ ಇರುವುದು ಇದೇ. ಲಿಸನ್ ಆದ ಮೇಲೆ ಯಾರದ್ದು ಎಂದು ಹೇಳುವುದಾದರೆ 'ಟು' ಬೇಕು, ಹಿಯರ್‌ಗೆ ಬೇಡ. 'ನೋಡು' ಕೂಡ ಹೀಗೇ. ತೋಟದಲ್ಲಿ ಕಾಟಿ (ಕಾಡುಕೋಣ) ಕಾಣಿಸಿತು ಎಂದರೆ ಸೀ. ತಿರುಗಿ ಅದನ್ನು ನೋಡಿದೆ ಎಂದರೆ ಲುಕ್. ಅದು ಕಾಡಿಗೆ ಹೋಗುವ ತನಕ ಅಲುಗಾಡದೆ ನೋಡುತ್ತಾ ನಿಂತೆ ಎಂದರೆ ವಾಚ್.

ಬಾರೋ ಮತ್ತು ಲೆಂಡ್ ಗೊಂದಲ ಎಲ್ಲ ಬ್ಯಾಚಿನಲ್ಲೂ ಇರುತ್ತದೆ. 'ಪ್ಲೀಸ್ ಬಾರೋ ಮಿ ಯುವರ್ ಬೈಕ್' ಎನ್ನುತ್ತಾರೆ. ಸಾಲ, ಸಾಲ ಎಂದು ತಲೆಯಲ್ಲಿ ಇಟ್ಟುಕೊಂಡರೆ ಇದು ಎಂದಿಗೂ ಬಿಡಿಸಲಾಗದ ಗಂಟು. ನಮ್ಮಲ್ಲಿ 'ಇಸ್ಕೊಳ್ಳೋದು' ಎನ್ನುವ ಚೆಂದದ ಪದ ಇದೆಯಲ್ಲ, ಅದನ್ನು ಹಿಡಿಯಿರಿ. ವಾಪಸ್ ಕೊಡುವ ಮಾತಿನ ಮೇಲೆ ಇಸ್ಕೊಂಡರೆ ಬಾರೋ, ಕೊಟ್ಟರೆ ಲೆಂಡ್. ಬೈಕ್ ಬೇಕಾದವನು ಬಾರೋ ಮಾಡುತ್ತಾನೆ, ಬೈಕ್ ಇರುವವನು ಲೆಂಡ್ ಮಾಡುತ್ತಾನೆ.

ಮನೆ ಸುಲಭ. ಕಟ್ಟಿಸಿದ್ದು, ಮಾರಿದ್ದು ಹೌಸ್. ಸಂಜೆ ಹೋಗಿ ಸೇರುವುದು ಹೋಮ್.

ಹಂತ 3: ಕನ್ನಡ ಕೈಕೊಟ್ಟಾಗ. ಕೆಲವು ಕಡೆ ನಮ್ಮ ವಾಕ್ಯದಲ್ಲಿ ಸುಳಿವೇ ಸಿಗುವುದಿಲ್ಲ. 'ಎತ್ತರ' ಹಾಗಿನದು, ಇಂಗ್ಲಿಷ್‌ನಲ್ಲಿ ಅದಕ್ಕೆ ಟಾಲ್, ಹೈ ಎಂದು ಎರಡು ಪದ. ಆಗ ವಸ್ತುವನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಶ್ರವಣಬೆಳಗೊಳದಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಸುಮಾರು 58 ಅಡಿಯ ಗೊಮ್ಮಟ ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ನಿಂತ ಮೂರ್ತಿ. ಅದು ಟಾಲ್. ಮನುಷ್ಯರು, ಮರ, ಕಂಬ ಎಲ್ಲ ಇದೇ ಸಾಲಿಗೆ. ಅವನು ನಿಂತಿರುವ ವಿಂಧ್ಯಗಿರಿ ಅಗಲವಾಗಿ ಹರಡಿಕೊಂಡ ಬೆಟ್ಟ. ಅದು ಹೈ. ಗೋಡೆ ಹೈ. ನೆಲದಿಂದ ಎಷ್ಟು ಮೇಲಿದೆ ಎನ್ನುವುದಕ್ಕೂ ಹೈ, ಅಂದರೆ ಅಟ್ಟದ ಮೇಲಿನ ಡಬ್ಬ ಸಣ್ಣದೇ ಆದರೂ ಇರುವ ಜಾಗ ಹೈ. ಮುಳ್ಳಯ್ಯನಗಿರಿ 1930 ಮೀಟರ್, ಕರ್ನಾಟಕದ 'ಹೈಯೆಸ್ಟ್' ಶಿಖರ. 'ಟಾಲೆಸ್ಟ್' ಎಂದು ಬರೆಯಬೇಡಿ.

'ಮಂಜು' ಕೂಡ ಕಷ್ಟದ್ದೇ. ಮುಳ್ಳಯ್ಯನಗಿರಿಯ ಫೋಟೋ ಹಾಕಿ ಸ್ನೋ ಎಂದು ಬರೆಯುವವರನ್ನು ನೋಡಿದ್ದೇನೆ. ಸ್ನೋ ಹಿಮಾಲಯದಲ್ಲಿ ಬೀಳುವ ಹಿಮ. ನಮ್ಮದು ಫಾಗ್ ಅಥವಾ ಮಿಸ್ಟ್. ಎರಡೂ ಗಾಳಿಯಲ್ಲಿ ತೇಲುವ ಸಣ್ಣ ಸಣ್ಣ ನೀರಹನಿಗಳೇ, ಬೇರೆಯಾಗುವುದು ದಟ್ಟಣೆಯಲ್ಲಿ. ಹವಾಮಾನದವರ ಲೆಕ್ಕದಲ್ಲಿ 1 ಕಿಲೋಮೀಟರ್‌ಗಿಂತ ಕಡಿಮೆ ದೂರ ಕಾಣಿಸಿದರೆ ಫಾಗ್, ಅದಕ್ಕಿಂತ ಜಾಸ್ತಿ ಕಾಣಿಸಿದರೆ ಮಿಸ್ಟ್. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಮುಂದಿನ ತಿರುವೇ ಕಾಣದೆ ಹೆಡ್‌ಲೈಟ್ ಹಾಕಿಕೊಂಡು ಹೋಗುತ್ತೇವಲ್ಲ, ಅದು ಫಾಗ್.

ಈ ಹಂತದಲ್ಲಿ ಡಿಕ್ಷನರಿ ತೆಗೆಯಿರಿ, ಆದರೆ ಇಂಗ್ಲಿಷ್‌ನಿಂದ ಇಂಗ್ಲಿಷ್‌ಗೆ ಇರುವ, ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿ. ಅದರಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನು ಮೊದಲು ಓದಿ. ಒಂದು ತಿಂಗಳಲ್ಲಿ ಇಂಗ್ಲಿಷ್ ಬರಿಸುತ್ತೇವೆ ಎನ್ನುವ ಬಸ್ ಸ್ಟ್ಯಾಂಡ್ ಪುಸ್ತಕಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ನಾನು ನೋಡಿದವುಗಳಲ್ಲಿ ಒಂದು ಪದದ ಎದುರು ಒಂದೇ ಪದ ಇರುತ್ತದೆ. 'ಶ್ಯಾಡೋ ಕಾಫಿ' ಹುಟ್ಟುವುದೇ ಅಂಥ ಪಟ್ಟಿಗಳಿಂದ.

ಹಂತ 4: ಪ್ರತಿ ಪದಕ್ಕೂ ನಿಮ್ಮ ಮನೆಯ, ತೋಟದ, ಅಂಗಡಿಯ ಒಂದು ವಾಕ್ಯ ಬರೆದು ಜೋರಾಗಿ ಓದಿ. ಇವತ್ತು 'ಹೇಳು' ತೆಗೆದುಕೊಳ್ಳಿ. 'ನಾಳೆ ಬರ್ತೀನಿ ಅಂತ ಹೇಳಿದ' ಎಂದರೆ ಸೆಡ್. 'ನಾಳೆ ಬರ್ತೀನಿ ಅಂತ ನನಗೆ ಹೇಳಿದ' ಎಂದರೆ ಟೋಲ್ಡ್. ಆ 'ನನಗೆ' ಮೇಲೆ ಕಣ್ಣಿಡಿ. ಅದು ಬಂದರೆ 'ಹಿ ಟೋಲ್ಡ್ ಮಿ', ನಡುವೆ 'ಟು' ಹಾಕಬಾರದು. 'ಹಿ ಟೋಲ್ಡ್ ಟು ಮಿ' ಎಂದು ನಾಲಿಗೆಗೆ ಕೂತು ಹೋಗಿದ್ದರೆ ಒಂದು ವಾರ ದಿನಕ್ಕೆ ಹತ್ತು ಸಲ ಸರಿಯಾದದ್ದನ್ನು ಹೇಳಿ, ಬಿಡುತ್ತದೆ.