ಕೊಪ್ಪಳದಿಂದ ಕಡಲಿಗೆ: ಪ್ಯಾಕೇಜ್ ಗಾಡಿಯೋ, ಸಾರಿಗೆ ಬಸ್ಸೋ?

ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ನಮ್ಮ ಓಣಿಯಲ್ಲಿ ಸಮುದ್ರದ ಮಾತು ಏಳುತ್ತದೆ. ಸಂಘದ ಹೆಣ್ಣುಮಕ್ಕಳು, ಅವರ ಅತ್ತೆಯಂದಿರು, ಮಕ್ಕಳು, ಎಲ್ಲರನ್ನೂ ಕೂಡಿಸಿ ಕರೆದುಕೊಂಡು ಹೋಗುವ ಕೆಲಸ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಟೂರಿನವರ ಪ್ಯಾಕೇಜಿನಲ್ಲಿ ಹೋಗಿದ್ದೇವೆ, ಕ್ರೂಸರ್ ಬಾಡಿಗೆ ಹಿಡಿದು ಹೋಗಿದ್ದೇವೆ, ಸಾರಿಗೆ ಬಸ್ಸಿನಲ್ಲೂ ಹೋಗಿದ್ದೇವೆ. ಯಾವುದು ಚಲೋ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಎಷ್ಟು ಊರು ನೋಡಬೇಕು? ಒಂದೇ ಊರಾದರೆ ಬಸ್ಸು, ಮೂರು ನಾಲ್ಕಾದರೆ ಗಾಡಿ. ನಮ್ಮ ಜನ ಮಾತ್ರ ಮೊದಲು ಗಾಡಿ ಗೊತ್ತುಮಾಡುತ್ತಾರೆ. ಆಮೇಲೆ "ಹೆಂಗೂ ಗಾಡಿ ಐತಲ್ಲ" ಅಂತ ಊರಿನ ಪಟ್ಟಿ ಬೆಳೆಯುತ್ತಾ ಹೋಗುತ್ತದೆ.

ಒಂದು ದಿನದ ಪ್ರವಾಸ ಎಂದರೂ ನಮಗದು ಎರಡು ರಾತ್ರಿ, ಒಂದು ಹಗಲು. ಕೊಪ್ಪಳದಿಂದ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಗೋಕರ್ಣ ಸುಮಾರು 260–270 ಕಿ.ಮೀ. ಅಂಕೋಲಾದಿಂದ ಹೊರಟು ಕೊಪ್ಪಳ, ಹೊಸಪೇಟೆ, ಬಳ್ಳಾರಿ ಹಾಯ್ದು ಆಂಧ್ರದ ಗುತ್ತಿ ಊರಿಗೆ ಮುಟ್ಟುತ್ತಿದ್ದ ಹಳೆಯ 63ನೇ ಹೆದ್ದಾರಿಯೇ ನಮ್ಮ ಸಮುದ್ರದ ದಾರಿ. ರೈಲು ಇದಕ್ಕೆ ಒದಗುವುದಿಲ್ಲ. ಅಮರಾವತಿ ಎಕ್ಸ್‌ಪ್ರೆಸ್ ಕೊಪ್ಪಳದ ಮೇಲೆ ಹೋಗುತ್ತದೆ, ಆದರೆ ಅದು ಗೋವಾಕ್ಕೆ, ಅದೂ ದಿನಾಲೂ ಇಲ್ಲ. ಹುಬ್ಬಳ್ಳಿ–ಅಂಕೋಲಾ ಹಳಿ ನಮ್ಮ ಕಾಲದಲ್ಲಿ ಆದೀತೆಂದು ಕಾಯುತ್ತಲೇ ಇದ್ದೇವೆ.

ಪ್ಯಾಕೇಜಿನವರು ಕೊಡುವ ಚೀಟಿಯನ್ನು ಕೂತು ಲೆಕ್ಕ ಹಾಕಿ ನೋಡಬೇಕು. ಗೋಕರ್ಣ, ಮಿರ್ಜಾನ್ ಕೋಟೆ, ಹೊನ್ನಾವರದಲ್ಲಿ ಶರಾವತಿ ಬೋಟಿಂಗ್, ಇಡಗುಂಜಿ ಗಣಪ, ಮುರ್ಡೇಶ್ವರ. ಓದಲು ಬಹಳ ಚೆಂದ. ಗೋಕರ್ಣದಿಂದ ಮುರ್ಡೇಶ್ವರಕ್ಕೆ 75 ಕಿ.ಮೀ. ಮೇಲೆಯೇ ಆಗುತ್ತದೆ, ನಡುವೆ ಮೂರು ಕಡೆ ಇಳಿಯಬೇಕು. ಪ್ರತಿ ಸಲ ಎಲ್ಲರೂ ಇಳಿದು, ಚಪ್ಪಲಿ ಹುಡುಕಿ, ಚಹಾ ಕುಡಿದು, ಮತ್ತೆ ಹತ್ತಿ ತಲೆ ಎಣಿಸುವಷ್ಟರಲ್ಲಿ ಅರ್ಧ ತಾಸು ಹೋಗುತ್ತದೆ. ಮಹಾಬಲೇಶ್ವರನ ಗುಡಿಯಲ್ಲಿ ಗಂಡಸರು ಅಂಗಿ ಬಿಚ್ಚಿ ಸಾಲಿನಲ್ಲಿ ನಿಲ್ಲಬೇಕು, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಅಲ್ಲಿ ತಡವಾಯಿತೋ, ಮುಂದಿನದ್ದೆಲ್ಲ ತಡ. ಮುರ್ಡೇಶ್ವರದಲ್ಲಿ 123 ಅಡಿಯ ಶಿವನನ್ನು ನೋಡಬೇಕು, ರಾಜಗೋಪುರದ ಲಿಫ್ಟಿಗೆ ಮತ್ತೊಂದು ಸಾಲು. ಅಷ್ಟೊತ್ತಿಗೆ "ಹತ್ರಿ, ಹತ್ರಿ, ಘಟ್ಟ ಹತ್ತಬೇಕು" ಎಂದು ಕೂಗು ಶುರು. ನಮ್ಮ ಓಣಿಯ ಹಿರಿಯಜ್ಜಿಯೊಬ್ಬರು ಅಂಥ ಪ್ಯಾಕೇಜಿನಿಂದ ಬಂದವರು ಕಟ್ಟೆ ಮೇಲೆ ಕೂತು ಹೇಳಿದ್ದು: "ಯವ್ವಾ, ಗುಡಿ ಎಲ್ಲಾ ತೋರ್ಸಿದ್ರು. ಸಮುದ್ರದಾಗ ಕಾಲಿಡಾಕ ಪುರಸೊತ್ತ ಕೊಡಲಿಲ್ಲ."

ಆ ಅವಸರ ಬೇಸರದಷ್ಟಕ್ಕೇ ನಿಲ್ಲುವುದಿಲ್ಲ. "ಅರ್ಧ ತಾಸು ಅಷ್ಟೇ" ಎಂದು ಇಳಿಸಿದರೆ ಮಕ್ಕಳು ಸೀದಾ ನೀರಿಗೆ ಓಡುತ್ತಾರೆ. ಎಲ್ಲಿ ಇಳಿಯಬಹುದು, ಎಲ್ಲಿ ಸೆಳೆತ ಇದೆ ಎಂದು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ತುಂಗಭದ್ರಾ ಕಾಲುವೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ನೀರಿನ ಭಯ ಇಲ್ಲ, ಆದರೆ ಕಾಲುವೆಯ ನೀರು ಹಿಂದಕ್ಕೆ ಎಳೆಯುವುದಿಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಆ ಸುದ್ದಿ ಓದಿದ ಮೇಲೆ ನಾನೊಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ: ಜೀವರಕ್ಷಕ ಸಿಬ್ಬಂದಿ ಇರುವ ಕಡೆಯೇ ನೀರು, ಅದೂ ಮೊಣಕಾಲುದ್ದ. ಮಳೆಗಾಲದಲ್ಲಿ ಹೋಗುವುದೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತದೆ. ಮೀನುಗಾರರ ದೋಣಿಯೇ ದಡದಲ್ಲಿರುವಾಗ ನಾವೇಕೆ ಇಳಿಯಬೇಕು?

ಇನ್ನು ಬಸ್ಸು. ಸಂಜೆ ಕೊಪ್ಪಳ ಬಿಟ್ಟು ರಾತ್ರಿ ಊಟದ ಹೊತ್ತಿಗೆ ಹುಬ್ಬಳ್ಳಿ. ಅಲ್ಲಿ ನಿಲ್ದಾಣ ಒಂದಕ್ಕಿಂತ ಹೆಚ್ಚಿವೆ, ಕರಾವಳಿಯ ಬಸ್ಸು ಎಲ್ಲಿಂದ ಹೊರಡುತ್ತದೆಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಗೋಕರ್ಣಕ್ಕೆ ನೇರ ಬಸ್ ಸಿಕ್ಕರೆ ಸರಿ. ಸಿಗದಿದ್ದರೆ ಕಾರವಾರದ ಬಸ್ ಹತ್ತಿ ಅಂಕೋಲಾದಲ್ಲಿ ಇಳಿದು ಲೋಕಲ್ ಬಸ್ ಹಿಡಿದರಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಸಂಘದ ಲೆಕ್ಕವೇ ಬದಲಾಯಿತು. ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ರೊಕ್ಕ ಇಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ. ಆಧಾರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಬಸ್ ಬದಲಿಸಿದಾಗೆಲ್ಲ ಹೊಸದಾಗಿ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. "ಹೆಂಗೂ ಫ್ರೀ ಐತಿ" ಅಂತ ಸುಮ್ಮನೆ ಕೂಡಬೇಡಿ.

ರೊಕ್ಕಕ್ಕಿಂತ ದೊಡ್ಡ ಸಮಾಧಾನ ನನಗೆ ಬೇರೆ ಇದೆ. ಹುಬ್ಬಳ್ಳಿಯಲ್ಲಿ ಬಸ್ಸಿನ ಜೊತೆ ಡ್ರೈವರೂ ಬದಲಾಗುತ್ತಾರೆ. ಬಾಡಿಗೆ ಗಾಡಿಯಲ್ಲಿ ಒಬ್ಬನೇ ಹುಡುಗ ರಾತ್ರಿಯೆಲ್ಲ ಓಡಿಸಿ, ಹಗಲೆಲ್ಲ ನಮ್ಮ ಹಿಂದೆ ಅಲೆದು, ಮತ್ತೆ ರಾತ್ರಿ ಘಟ್ಟ ಹತ್ತಿಸಬೇಕು. ನಸುಕಿನ ನಾಲ್ಕಕ್ಕೆ ಅವನ ಕಣ್ಣು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. 2025ರ ಜನವರಿಯಲ್ಲಿ ಇದೇ ಯಲ್ಲಾಪುರದ ದಾರಿಯಲ್ಲಿ, ನಸುಕಿನಲ್ಲೇ, ಸವಣೂರಿನ ತರಕಾರಿ ವ್ಯಾಪಾರಿಗಳಿದ್ದ ಲಾರಿ ಉರುಳಿ ಹಲವರು ತೀರಿಕೊಂಡರು.

ಹಾಗಂತ ಗಾಡಿ ಬೇಡವೇ ಬೇಡ ಎನ್ನುವುದಿಲ್ಲ. ಮಂಡಿನೋವಿನವರು, ಎಳೆಗೂಸು ಎತ್ತಿಕೊಂಡವರು ಇದ್ದರೆ ನಾನೂ ಗಾಡಿಯನ್ನೇ ಹಿಡಿಯುತ್ತೇನೆ. ಆಗ ಡ್ರೈವರ್ ಇಬ್ಬರು ಬೇಕೇಬೇಕು, ಇಲ್ಲವೇ ಅವನಿಗೆ ಹಗಲು ನಾಲ್ಕೈದು ತಾಸು ಮಲಗಲು ರೂಮು ಕೊಡಿಸಬೇಕು. ಬಾಡಿಗೆಯ ಮಾತು ಮುಗಿಸುವಾಗ ದಿನದ ಲೆಕ್ಕ ಹೇಗೆಂದು ಕೇಳಿ. ಬಹಳಷ್ಟು ಜನ ಮಧ್ಯರಾತ್ರಿ 12ಕ್ಕೆ ದಿನ ಎಣಿಸುತ್ತಾರೆ. ಶುಕ್ರವಾರ ರಾತ್ರಿ 10ಕ್ಕೆ ಹೊರಟು ರವಿವಾರ ನಸುಕಿಗೆ ಬಂದರೆ ಅವರ ಪ್ರಕಾರ ಮೂರು ದಿನ, ಡ್ರೈವರ್ ಬತ್ತಾನೂ ಮೂರು. ಕಿ.ಮೀ. ಲೆಕ್ಕವಾದರೆ ದಿನಕ್ಕೆ ಕನಿಷ್ಠ ಇಷ್ಟು ಎಂದು ಬೇರೆ ಇರುತ್ತದೆ. ಟೋಲ್, ಪಾರ್ಕಿಂಗ್ ಯಾರ ಪಾಲು ಎನ್ನುವುದೂ ಮೊದಲೇ ಬಗೆಹರಿಯಲಿ. ಬಸ್ಸು ತುಂಬುವಷ್ಟು ಜನ ಇದ್ದರೆ ಡಿಪೋದಲ್ಲಿ ವಿಚಾರಿಸಿ. ಮದುವೆಗೆ ಕೊಟ್ಟ ಹಾಗೆ ಪ್ರವಾಸಕ್ಕೂ ಸಾರಿಗೆ ಸಂಸ್ಥೆಯವರು ಒಪ್ಪಂದದ ಮೇಲೆ ಬಸ್ ಕೊಡುತ್ತಾರೆ.

ಗೋಕರ್ಣಕ್ಕೆ ಬಸ್ಸಿನಲ್ಲಿ ಹೋದ ದಿನ ಹೇಗಿರುತ್ತದೆಂದರೆ, ಅರಬೈಲ್ ಘಟ್ಟ ಇಳಿಯುತ್ತಾ ಕಿಟಕಿಯ ತಣ್ಣನೆ ಗಾಳಿ ಮೆಲ್ಲಗೆ ಜಿಗುಟಾಗುತ್ತದೆ, ಹೊದ್ದ ಚಾದರ ಒಬ್ಬೊಬ್ಬರೇ ಸರಿಸುತ್ತಾರೆ. ಗೋಕರ್ಣ ಹತ್ತಿರವಾದಾಗ ಸಾಣಿಕಟ್ಟಾದ ಉಪ್ಪಿನ ಗದ್ದೆಗಳು ಬೆಳಕಿಗೆ ಹೊಳೆಯುತ್ತಿರುತ್ತವೆ. ನಾವು ಒಂದೇ ಒಂದು ರೂಮು ಹಿಡಿಯುತ್ತೇವೆ, ಸ್ನಾನಕ್ಕೆ ಮತ್ತು ಚೀಲ ಇಡಲಿಕ್ಕೆ. ದರ್ಶನ ಬೆಳಿಗ್ಗೆಯೇ ಮುಗಿಯುತ್ತದೆ. ಬುತ್ತಿಯ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಅಲ್ಲೇ ತಿಂದು, ಬಿಸಿಲು ಇಳಿದ ಮೇಲೆ ಆಟೋದಲ್ಲಿ ಓಂ ಬೀಚ್. ಅಲ್ಲಿ ಒಮ್ಮೆ ನಮ್ಮತ್ತೆ ಸೀರೆ ಮೇಲೆತ್ತಿ ಕಟ್ಟಿ ತೆರೆಗೆ ಪಾದ ಕೊಟ್ಟು ನಿಂತರು. ತೆರೆ ಹಿಂದೆ ಸರಿದಾಗ ಹಿಮ್ಮಡಿ ಕೆಳಗಿನ ಉಸುಕು ಜಾರಿತು, "ಭೂಮಿ ಸರದಂಗಾತು ನೋಡವ್ವ" ಎಂದು ನನ್ನ ರಟ್ಟೆ ಹಿಡಿದುಕೊಂಡರು. ಕೈ ಬಿಡದೆ ಹೊತ್ತು ಮುಳುಗುವ ತನಕ ಅಲ್ಲೇ ನಿಂತಿದ್ದರು. ಯಾರೂ "ಹತ್ರಿ" ಎಂದು ಕೂಗಲಿಲ್ಲ.

ವಾಪಸಿನ ಬಸ್ಸಿನ ವೇಳೆಯನ್ನು ಮಾತ್ರ ಬೆಳಿಗ್ಗೆ ಇಳಿದ ತಕ್ಷಣ ನಿಲ್ದಾಣದ ಕಂಟ್ರೋಲರ್ ಹತ್ತಿರ ಕೇಳಿ ಬರೆದುಕೊಳ್ಳಬೇಕು. ರವಿವಾರ ಸಂಜೆ, ಹಬ್ಬದ ರಜೆ, ಶಿವರಾತ್ರಿ ಇದ್ದರೆ ಮುಂಗಡ ಸೀಟು ಮಾಡಿಸದೆ ಹೋಗಬೇಡಿ. ನಿಂತುಕೊಂಡು ಘಟ್ಟ ಹತ್ತುವುದು ವಯಸ್ಸಾದವರಿಗೆ ಆಗದ ಮಾತು.

ಈ ಸಲ ಸಂಘದವರು ಕಾರವಾರ ಕೇಳುತ್ತಿದ್ದಾರೆ. ಟಾಗೋರ್ ಕಡಲತೀರ, ಅದೇ ದಂಡೆಯ ಮೇಲೆ ನಿಲ್ಲಿಸಿರುವ ಚಪಲ್ ಯುದ್ಧನೌಕೆ, ಎರಡೂ ಬಸ್ ನಿಲ್ದಾಣದಿಂದ ದೂರವಿಲ್ಲ. ರವಿವಾರದ ಗದ್ದಲ ಬೇಡ, ಮಂಗಳವಾರ ಸಂಜೆ ಹೊರಡೋಣ ಎಂದು ಮಾತಾಗಿದೆ.