ಸ್ಯಾಂಪಲ್ ಡ್ರಮ್ಸ್‌ಗೆ ದಮ್ ತರುವುದು

ಹುಬ್ಬಳ್ಳಿಯ ನಮ್ಮ ಪುಟ್ಟ ಸ್ಟುಡಿಯೋಗೆ ಬರುವುದು ಹೆಚ್ಚಾಗಿ ಜಾನಪದ ಹಾಡುಗಳೇ. ಡ್ರಮ್ಮರ್ ಕರೆಸುವಷ್ಟು ಬಜೆಟ್ ಇರುವುದಿಲ್ಲ, ಎಲ್ಲ ಸ್ಯಾಂಪಲ್‌ನಲ್ಲೇ, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಏಟುಗಳಲ್ಲೇ. ಮಿಕ್ಸ್ ಕೇಳಿದ ಗಾಯಕರು ಹೇಳುವುದು ಒಂದೇ ಮಾತು: "ಅಣ್ಣಾ, ಇನ್ನೂ ಸ್ವಲ್ಪ ದಮ್ ಬೇಕ್ರೀ. ಟ್ರ್ಯಾಕ್ಟರ್‌ನ್ಯಾಗ ಹಚ್ಚಿದ್ರ ಗುದ್ದಬೇಕು." ಅದಕ್ಕೆ ನಾನು ನೆಚ್ಚಿಕೊಂಡಿರುವುದು ಪ್ಯಾರಲಲ್ ಕಂಪ್ರೆಶನ್.

ಡ್ರಮ್ಸ್‌ನ ಮೂಲ ಸದ್ದನ್ನು ಹಾಗೇ ಬಿಡುತ್ತೇನೆ. ಅದನ್ನೇ ಇನ್ನೊಂದು ಬಸ್‌ಗೂ (ಮಿಕ್ಸರ್‌ನ ಬೇರೆ ದಾರಿಗೂ) ಕಳಿಸಿ, ಅಲ್ಲಿ ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್‌ನಿಂದ ಚೆನ್ನಾಗಿ ಅದುಮಿ, ಮೂಲದ ಜೊತೆ ಸ್ವಲ್ಪ ಬೆರೆಸುತ್ತೇನೆ. ಏಟಿನ ಚುರುಕು ಮೂಲದ್ದು, ತುಂಬಿದ ಸದ್ದು ಅದುಮಿದ್ದರದ್ದು. ಮೂಲವನ್ನೇ ಅಷ್ಟು ಅದುಮಿದರೆ ಸ್ನೇರ್ ಡ್ರಮ್ ಸಪ್ಪೆಯಾಗುತ್ತದೆ.

ಆದರೆ ಸ್ಯಾಂಪಲ್ ಡ್ರಮ್ಸ್‌ನಲ್ಲಿ ಕಂಪ್ರೆಸರ್‌ಗಿಂತ ಮೊದಲು ವೆಲಾಸಿಟಿ, ಅಂದರೆ ಪ್ರತಿ ಏಟು ಎಷ್ಟು ಜೋರು ಅನ್ನುವ 1ರಿಂದ 127ರ ಅಂಕಿ, ನೋಡಬೇಕು. ಈ ವಿಧಾನ ಮೇಲೆತ್ತುವುದು ಸಣ್ಣ ಸದ್ದುಗಳನ್ನು. ಸ್ನೇರ್‌ನ ಮೆಲ್ಲನೆಯ ಏಟು, ರೂಮ್ ಮೈಕ್‌ನ (ಕೋಣೆಯ ಸದ್ದು ಹಿಡಿಯುವ ಮೈಕ್‌ನ) ಗುಂಯ್ ಅನ್ನುವ ಸದ್ದು, ಇಂಥವು. ಎಲ್ಲ ನೋಟ್ 127ರಲ್ಲೇ ಇದ್ದರೆ ಮೇಲೆತ್ತಲು ಏನಿದೆ? ಮೆಲ್ಲನೆಯ ಏಟುಗಳನ್ನು 30ರಿಂದ 45ರೊಳಗೆ, ಒಂದರಂತೆ ಇನ್ನೊಂದಿಲ್ಲದ ಹಾಗೆ ಇಟ್ಟ ಮೇಲೇ ನಾನು ಬಸ್ ತೆರೆಯುವುದು. ಪ್ಯಾಕ್‌ನಿಂದ ಎತ್ತಿಕೊಂಡ ಹಲಗೆ, ಡೊಳ್ಳಿನ ಲೂಪ್‌ಗಳನ್ನು ಅಲ್ಲಿಗೆ ಕಳಿಸುವುದಿಲ್ಲ. ಸಾಮಾನ್ಯವಾಗಿ ಅವನ್ನು ಮಾಡಿದವರೇ ಅದುಮಿಟ್ಟಿರುತ್ತಾರೆ. ವೇವ್‌ಫಾರ್ಮ್ ನೋಡಿ, ಇಟ್ಟಿಗೆ ಇಟ್ಟ ಹಾಗಿರುತ್ತದೆ.

ಹೈಹ್ಯಾಟ್, ಸಿಂಬಲ್ ಕೂಡ ಬೇಡ. ಅದುಮಿದಾಗ ಚಿಸ್ ಚಿಸ್ ಅಂತ ಮುಂದೆ ಬಂದು ಗಾಯಕರ ದನಿಯನ್ನೇ ಮುಚ್ಚುತ್ತವೆ. ಸ್ಯಾಂಪಲ್‌ನ ದೊಡ್ಡ ಲಾಭ ಇಲ್ಲಿದೆ. ಒಳ್ಳೆಯ ಡ್ರಮ್ ಸಾಫ್ಟ್‌ವೇರ್‌ನಲ್ಲಿ ರೂಮ್ ಮೈಕ್‌ನಿಂದ ಸಿಂಬಲ್ ತೆಗೆದೇ ಹಾಕಬಹುದು. ನಿಜವಾದ ಕಿಟ್ ರೆಕಾರ್ಡ್ ಮಾಡಿದವರಿಗೆ ಆ ಭಾಗ್ಯವಿಲ್ಲ.

ಕಂಪ್ರೆಸರ್‌ನಲ್ಲಿ ರೇಶಿಯೋ (ಎಷ್ಟು ಅದುಮಬೇಕು) 10:1, ಅಟ್ಯಾಕ್ (ಎಷ್ಟು ಬೇಗ ಅದುಮಬೇಕು) 1 ಮಿಲಿಸೆಕೆಂಡ್ ಆಸುಪಾಸು. ಮೀಟರ್ 15 ಡಿಬಿ ಕಡಿತ ತೋರಿಸುವವರೆಗೆ ಥ್ರೆಶೋಲ್ಡ್ (ಅದುಮುವುದು ಶುರುವಾಗುವ ಮಟ್ಟ) ಇಳಿಸುತ್ತೇನೆ. ರಿಲೀಸ್ (ಅದುಮಿದ್ದನ್ನು ಬಿಡುವ ವೇಳೆ) ಮಾತ್ರ ಹಾಡು ನೋಡಿ. 100 ಬಿಪಿಎಂ (ನಿಮಿಷಕ್ಕೆ 100 ಬೀಟ್) ಹಾಡಿನಲ್ಲಿ ಒಂದು ಬೀಟ್ 600 ಮಿಲಿಸೆಕೆಂಡ್, ಅದರ ಕಾಲು ಭಾಗ 150. ಹಾಗಾಗಿ ಅದಕ್ಕಿಂತ ಸ್ವಲ್ಪ ಕಡಿಮೆ, 100 ಮಿಲಿಸೆಕೆಂಡ್‌ನಿಂದ ಶುರು ಮಾಡಿ, ಮುಂದಿನ ಏಟು ಬೀಳುವಷ್ಟರಲ್ಲಿ ಮೀಟರ್ ಹೆಚ್ಚುಕಡಿಮೆ ವಾಪಸ್ ಬರುವ ಹಾಗೆ ತಿರುಗಿಸುತ್ತೇನೆ.

ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಬಿದ್ದಾಗಲೆಲ್ಲ ಉಳಿದದ್ದು ಮುಳುಗುತ್ತಿದ್ದರೆ ಕೆಲವರು ಬಸ್‌ನಲ್ಲೇ ಲೋ ಕಟ್ (ತಗ್ಗಿನ ಸದ್ದು ತೆಗೆಯುವ ಫಿಲ್ಟರ್) ಹಾಕುತ್ತಾರೆ. ನನಗದು ಸರಿಬರುವುದಿಲ್ಲ. ಸಾಮಾನ್ಯ ಲೋ ಕಟ್ ಫೇಸ್ (ಸದ್ದಿನ ಅಲೆಯ ಏರಿಳಿತದ ಹೊಂದಿಕೆ) ಬದಲಿಸುವುದರಿಂದ, ಮೂಲದ ಜೊತೆ ಸೇರುವಾಗ ಕಿಕ್ ತೆಳ್ಳಗಾಗಬಹುದು. ಅದರ ಬದಲು ಕಂಪ್ರೆಸರ್‌ನೊಳಗಿನ ಸೈಡ್‌ಚೈನ್ ಫಿಲ್ಟರನ್ನು 100 ಹರ್ಟ್ಜ್‌ಗೆ ಇಡುತ್ತೇನೆ; ಅದಕ್ಕಿಂತ ತಗ್ಗಿನ ಸದ್ದಿಗೆ ಕಂಪ್ರೆಸರ್ ಹೆಚ್ಚು ಸ್ಪಂದಿಸುವುದಿಲ್ಲ.

ಇನ್ನು ಬಸ್‌ನ ಸದ್ದು ಏರಿಸಿ ಇಳಿಸುವ ಫೇಡರ್. ಪೂರ್ತಿ ಕೆಳಗಿನಿಂದ ಏರಿಸುತ್ತಾ ಹೋಗಿ, ಬಸ್ ಬೇರೆಯಾಗಿ ಕಿವಿಗೆ ಬಿದ್ದ ತಕ್ಷಣ ಸ್ವಲ್ಪ ಇಳಿಸುವುದು. ಬೆರೆಸಿದ್ದಕ್ಕೆ ಒಟ್ಟು ಸದ್ದೂ ಏರಿರುತ್ತದೆ. ಸದ್ದು ಜಾಸ್ತಿಯಾದರೆ ಸುಮ್ನೆ ಚೆಂದ ಅನ್ನಿಸುತ್ತದೆ, ಅಲ್ವಾ? ಏರಿದಷ್ಟನ್ನು ಡ್ರಮ್ಸ್ ಗ್ರೂಪ್‌ನಲ್ಲಿ ಇಳಿಸಿಯೇ ಹೋಲಿಸಬೇಕು. ಆಮೇಲೆ ಫೋನ್ ಸ್ಪೀಕರ್‌ನಲ್ಲಿ ಕೇಳುತ್ತೇನೆ. ಅಲ್ಲಿ ಕಿಕ್‌ನ 60 ಹರ್ಟ್ಜ್ ಬರುವುದೇ ಇಲ್ಲ. ಬಸ್ ಮ್ಯೂಟ್ ಮಾಡಿದಾಗ ಸ್ನೇರ್ ಹಿಂದೆ ಸರಿದರೆ ಅಳತೆ ಸರಿಯಿದೆ.